ಬೆನ್ನು ಸಮವಿಲ್ಲದ ಕಲ್ಲು: ಮಾನಕದ ಕರಡಿಗೆ ಆಕ್ಷೇಪ ಸಲ್ಲಿಸಿದ ಹನ್ನೊಂದು ತಿಂಗಳು

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಶಹಾಬಾದಿನ ನಮ್ಮ ಪಾಲಿಶ್ ಘಟಕದಿಂದ ಹೋದ ಒಂದು ಲಾರಿ ಫರ್ಸಿ, ಅಂದರೆ ನೆಲಹಾಸು ಕಲ್ಲು, ನಾಲ್ಕನೆಯ ದಿನ ಇಳಿಸದೆಯೇ ವಾಪಸು ಬಂತು. ಕಲ್ಲು ಒಡೆದಿರಲಿಲ್ಲ, ಬಣ್ಣದಲ್ಲಿ ಹೆಚ್ಚುಕಡಿಮೆ ಇರಲಿಲ್ಲ. ಒಂದೇ ಕಲ್ಲಿನ ನಾಲ್ಕು ಮೂಲೆಗಳಲ್ಲಿ ದಪ್ಪ ಒಂದೇ ಸಮ ಇಲ್ಲ ಎಂದು ಖರೀದಿದಾರರ ಎಂಜಿನಿಯರು ಚೀಟಿ ಬರೆದು ಕಳಿಸಿದ್ದರು. ಆ ಚೀಟಿಯಿಂದ ಶುರುವಾದ ಓಡಾಟ ಈ ಶ್ರಾವಣದಲ್ಲಿ ಒಂದು ಹಂತಕ್ಕೆ ಬಂದು ನಿಂತಿದೆ. ಕಲಬುರಗಿ ಜಿಲ್ಲೆಯ ಒಂದು ಊರಿನಲ್ಲಿ ಕುಳಿತು ದೇಶದ ಮಾನಕವೊಂದರ (ಒಂದು ವಸ್ತು ಹೇಗಿರಬೇಕೆಂದು ಬರೆದಿಡುವ ಸ್ಟ್ಯಾಂಡರ್ಡಿನ) ಕರಡಿಗೆ ಆಕ್ಷೇಪ ಸಲ್ಲಿಸುವುದು, ಅದಕ್ಕಾಗಿ ಕಾಯುವುದು, ಸಮಿತಿಯ ಮುಂದೆ ಮಾತಾಡುವುದು ಹೇಗಿರುತ್ತದೆ ಎಂದು ನನಗೆ ಹೇಳುವವರು ಯಾರೂ ಇರಲಿಲ್ಲ. ಇನ್ನು ಮುಂದೆ ಇದೇ ದಾರಿಯಲ್ಲಿ ಹೋಗುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನಮ್ಮ ಕಲ್ಲಿನ ಬಗ್ಗೆ ಮೊದಲು ಎರಡು ಮಾತು ಹೇಳದಿದ್ದರೆ ತಕರಾರು ಅರ್ಥವಾಗುವುದಿಲ್ಲ. ಶಹಾಬಾದ್ ಕಲ್ಲು ಭೀಮಾ ಕಣಿವೆಯ ಸುಣ್ಣಕಲ್ಲು. ಪದರು ಪದರಾಗಿ ಕೂತ ಕಲ್ಲು. ಕಾಗಿಣಾ ದಂಡೆಯ ಮಳಖೇಡದ ಕೋಟೆಗೂ ಇದೇ ಕಲ್ಲು. ಗ್ರಾನೈಟಿನ ಹಾಗೆ ದೊಡ್ಡ ದಿಮ್ಮಿ ತಂದು ಗರಗಸದಲ್ಲಿ ಕೊಯ್ಯುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇಲ್ಲ. ಖಣಿಯಲ್ಲಿ ಪದರಿನ ಸಂದಿಗೆ ಹಾರೆ ಹಾಕಿ ಎಬ್ಬಿಸಿದರೆ ಕಲ್ಲು ತಾನೇ ಸೀಳಿಕೊಂಡು ಬರುತ್ತದೆ. ಅಂಚನ್ನು ಮಶೀನಿನಲ್ಲಿ ಚೌಕಾಗಿ ಕತ್ತರಿಸಿ, ಮೇಲ್ಮೈಯನ್ನು ಮಾತ್ರ ಪಾಲಿಶ್ ಮಾಡುತ್ತೇವೆ. ಕೆಳಮೈ ಭೂಮಿಯಲ್ಲಿ ಹೇಗಿತ್ತೋ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಒಂದು ಸೂತು, ಎರಡು ಸೂತು ವ್ಯತ್ಯಾಸ ಬಂದೇ ಬರುತ್ತದೆ. ಎಂಟು ಸೂತು ಸೇರಿದರೆ ಒಂದು ಇಂಚು. ಖಣಿಯಲ್ಲಿ ಇಂದಿಗೂ ದಪ್ಪದ ಲೆಕ್ಕ ನಡೆಯುವುದು ಸೂತಿನಲ್ಲಿಯೇ.

ಲಾರಿ ವಾಪಸು ಬಂದಾಗ ಅದು ಆ ಎಂಜಿನಿಯರರ ಹಟ ಎಂದೇ ತಿಳಿದಿದ್ದೆ. ಫೋನು ಮಾಡಿ ಕೇಳಿದಾಗ ಅವರು ಸೌಜನ್ಯದಿಂದಲೇ ಉತ್ತರಿಸಿದರು. ಟೆಂಡರಿನಲ್ಲಿ ಮಿಲಿಮೀಟರಿನ ಅಂಕಿ ಬರೆದುಬಿಟ್ಟಿದೆ, ಅದನ್ನು ಮೀರಿ ಬಿಲ್ ಪಾಸು ಮಾಡಲು ತಮಗೆ ಅಧಿಕಾರವಿಲ್ಲ ಎಂದರು. ಆ ಅಂಕಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಬಹುಶಃ ಕೊಯ್ದ ಕಲ್ಲಿಗೆ ಬರೆದದ್ದನ್ನೇ ಸೀಳಿದ ಕಲ್ಲಿಗೂ ಹಚ್ಚಿದ್ದರು.

ಮೂರು ತಿಂಗಳು ಹಾಗೆಯೇ ಹೋದವು. ಸಂಕ್ರಾಂತಿ ಕಳೆದ ಮೇಲೆ, ನಮ್ಮಿಂದ ಮಾಲು ಕೊಳ್ಳುವ ಸೋಲಾಪುರದ ವ್ಯಾಪಾರಿಯೊಬ್ಬರು ಬೇರೆ ಏನೋ ಮಾತಿನ ನಡುವೆ, ನೆಲಹಾಸು ಕಲ್ಲಿಗೆ ಸಂಬಂಧಿಸಿದ ಒಂದು ಮಾನಕದ ಹೊಸ ಕರಡು ಅಭಿಪ್ರಾಯಕ್ಕಾಗಿ ಹೊರಗೆ ಬಂದಿದೆ ಎಂದು ಹೇಳಿದರು. ಕರಡಿನ ಸಂಖ್ಯೆಯನ್ನು ಇಲ್ಲಿ ಕೊಡುವುದಿಲ್ಲ, ಏಕೆಂದರೆ ಅಂತಿಮ ರೂಪ ಇನ್ನೂ ಅಚ್ಚಾಗಿಲ್ಲ. ಅಭಿಪ್ರಾಯ ಕೊಡಲು ಆಗ ಉಳಿದಿದ್ದದ್ದು 23 ದಿನ.

ಭಾರತೀಯ ಮಾನಕ ಬ್ಯೂರೋ ಎಂದರೆ ಐಎಸ್‌ಐ ಗುರುತು ಕೊಡುವ ಕಚೇರಿ ಎಂಬಷ್ಟೇ ನನಗೆ ಗೊತ್ತಿತ್ತು. ಐಎಸ್‌ಐ ಎಂಬ ಹೆಸರಿನಿಂದ 1947ರಲ್ಲಿ ಆರಂಭವಾದ ಸಂಸ್ಥೆಯೇ ಮುಂದೆ 1986ರ ಕಾಯ್ದೆಯ ಮೂಲಕ ಬ್ಯೂರೋ ಆಯಿತು. ಈಗ ಅದು 2016ರ ಕಾಯ್ದೆಯ ಅಡಿಯಲ್ಲಿ ನಡೆಯುತ್ತಿದೆ. ಮಾನಕಗಳನ್ನು ಬರೆಯುವವರು ಅಧಿಕಾರಿಗಳಷ್ಟೇ ಅಲ್ಲ. ಪ್ರತಿಯೊಂದು ವಿಷಯಕ್ಕೂ ಒಂದು ಸೆಕ್ಷನಲ್ ಕಮಿಟಿ ಇದೆ. ಅದರಲ್ಲಿ ತಯಾರಕರು, ಬಳಕೆದಾರರು, ಪ್ರಯೋಗಾಲಯಗಳು, ಸಂಶೋಧನಾ ಸಂಸ್ಥೆಗಳು, ಸರ್ಕಾರಿ ಇಲಾಖೆಗಳು ಹೀಗೆ ನಾನಾ ಕಡೆಯವರು ಇರುತ್ತಾರೆ, ಬ್ಯೂರೋದ ಅಧಿಕಾರಿಯೊಬ್ಬರು ಸದಸ್ಯ ಕಾರ್ಯದರ್ಶಿಯಾಗಿರುತ್ತಾರೆ. ಸಮಿತಿ ಒಪ್ಪಿದ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡುತ್ತಾರೆ, ಅದನ್ನು ವ್ಯಾಪಕ ಪ್ರಸರಣ ಎನ್ನುತ್ತಾರೆ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಜೊತೆಗಿರುವ ಸಂಹಿತೆಯೊಂದು, ತುರ್ತು ಸಂದರ್ಭ ಬಿಟ್ಟರೆ, ಇದಕ್ಕೆ ಕನಿಷ್ಠ 60 ದಿನ ಕೊಡಬೇಕೆನ್ನುತ್ತದೆ. ಯಾರು ಬೇಕಾದರೂ ಅಭಿಪ್ರಾಯ ಕೊಡಬಹುದು. ಸದಸ್ಯತ್ವ ಬೇಕಿಲ್ಲ, ಶುಲ್ಕ ಇಲ್ಲ. ಬ್ಯೂರೋದ ಸ್ವಂತ ಮಾನಕಗಳನ್ನೂ ಈಗ ಹಣ ಕೊಡದೆ ಇಳಿಸಿಕೊಳ್ಳಬಹುದು. ಇದಿಷ್ಟೂ ನನಗೆ ಗೊತ್ತಾದಾಗ ಸಂತೋಷಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಬಾಗಿಲು ಇಷ್ಟು ವರ್ಷ ತೆರೆದೇ ಇತ್ತು. ಅದು ಎಲ್ಲಿದೆ ಎಂದು ಖಣಿಯಲ್ಲಿ, ಪಾಲಿಶ್ ಘಟಕಗಳಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಮಾನಕ ಕಡ್ಡಾಯವಲ್ಲವಲ್ಲ, ಬಂದರೆ ಬರಲಿ ಬಿಡಿ ಎಂದು ಕೆಲವರು ನನಗೆ ಹೇಳಿದರು. ಕಾಗದದ ಮೇಲೆ ಅದು ನಿಜ. ಕೇಂದ್ರ ಸರ್ಕಾರ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸುವವರೆಗೆ ಭಾರತೀಯ ಮಾನಕ ಸ್ವಯಂಪ್ರೇರಿತವಾದದ್ದೇ. ಆದರೆ ಟೆಂಡರು ಬರೆಯುವವರು ಮಾನಕದ ಸಂಖ್ಯೆಯನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು, ಅದು ನಮ್ಮ ಪಾಲಿಗೆ ಕಾನೂನೇ. ವಾಪಸು ಬಂದ ಲಾರಿಯ ಎರಡು ಕಡೆಯ ಬಾಡಿಗೆ ಕಟ್ಟಿದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಝೆರಾಕ್ಸ್ ಅಂಗಡಿಯಲ್ಲಿ ಕರಡನ್ನು ಅಚ್ಚು ಹಾಕಿಸಿ, ಬಸ್ಸಿನಲ್ಲಿ ಕುಳಿತೇ ಓದಿದೆ. ನಾನು ಸಿವಿಲ್ ಡಿಪ್ಲೊಮಾ ಮಾಡಿದವಳು, ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ. ಆದರೂ ಒಂದೊಂದು ವಾಕ್ಯವನ್ನು ಮೂರು ಸಲ ಓದಬೇಕಾಯಿತು. ದಪ್ಪದ ಕಲಂ ಓದಿದಾಗ ಎದೆ ಧಸಕ್ಕೆಂದಿತು. ಟಾಲರೆನ್ಸ್, ಅಂದರೆ ಹೆಚ್ಚುಕಡಿಮೆಗೆ ಬಿಡುವ ಅವಕಾಶ, ಕೊಯ್ದ ಕಲ್ಲಿಗೂ ಸೀಳಿದ ಕಲ್ಲಿಗೂ ಒಂದೇ ಇತ್ತು. ಮರುದಿನ ನಮ್ಮ ಖಣಿಯ ಹಿರಿಯ ಮೇಸ್ತ್ರಿಯವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಕಲ್ಲು ಸೀಳುತ್ತ ಅವರಿಗೆ ನಲವತ್ತು ವರ್ಷವಾಗಿದೆ.

“ಇದನ್ನ ಬರದವರು ಕಲ್ಲ ಸೀಳೂದು ನೋಡ್ಯಾರೇನವ್ವಾ?” ಎಂದು ಕೇಳಿದರು.

ನನಗೆ ಗೊತ್ತಿಲ್ಲ ಎಂದೆ.

“ಇದು ಮಶೀನಿಲೆ ಕೊಯ್ದ ಕಲ್ಲಿನ ಮಾತು. ನಮ್ಮ ಕಲ್ಲಿಗಿ ಎದಿ ಬ್ಯಾರೆ, ಬೆನ್ನು ಬ್ಯಾರೆ. ಎದಿ ಮ್ಯಾಲೆ ಪಾಲಿಶ್ ಬೀಳ್ತದ. ಬೆನ್ನು ಸಿಮೆಂಟಿನಾಗ ಹೋಗ್ತದ. ಬೆನ್ನು ಉಬ್ಬುತಗ್ಗು ಇದ್ರ ಸಿಮೆಂಟ್ ಗಟ್ಟಿ ಹಿಡಿತದ. ಅದನ್ಯಾಕ ಸಪಾಟು ಮಾಡಬೇಕು?”

ನಮ್ಮ ಆಕ್ಷೇಪದ ಸಾರವೆಲ್ಲ ಆ ಒಂದು ಮಾತಿನಲ್ಲಿತ್ತು. ಅದನ್ನು ಸಮಿತಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯುವುದಕ್ಕೇ ನನ್ನ ಮುಂದಿನ ಮೂರು ವಾರಗಳು ಹೋದವು.

ಆ ವಾರ ಹತ್ತಿರದ ಘಟಕಗಳವರು ಒಂದು ಸಭೆ ಸೇರಿದರು. ಒಂದೇ ಪತ್ರ ಬರೆದು ಇನ್ನೂರು ಸಹಿ ಹಾಕಿಸಿ ಕಳಿಸೋಣ ಎಂಬ ಮಾತು ಬಂತು. ನನಗೂ ಅದು ಸರಿ ಅನಿಸಿತ್ತು. ಬೆಂಗಳೂರಿನಲ್ಲಿ ನೆಟ್‌ವರ್ಕ್ ಎಂಜಿನಿಯರಾಗಿರುವ ಅಕ್ಕನ ಮಗ ಫೋನಿನಲ್ಲಿ ಬೇರೆ ದಾರಿ ತೋರಿಸಿದ. ಇಂಟರ್ನೆಟ್ಟಿನ ಮಾನಕಗಳನ್ನು ರೂಪಿಸುವ ಐಇಟಿಎಫ್ ಎಂಬ ಕೂಟ 1986ರಿಂದ ಇದೆ. ಅಲ್ಲಿ ಸದಸ್ಯತ್ವ ಎಂಬುದೇ ಇಲ್ಲ, ತಾಂತ್ರಿಕ ತೀರ್ಮಾನಗಳಿಗೆ ಮತ ಎಣಿಸುವುದಿಲ್ಲ. ಕೋಣೆಯ ಒಲವು ತಿಳಿಯಬೇಕಾದಾಗ ಒಪ್ಪುವವರು ಬಾಯಿ ಮುಚ್ಚಿ ಗುಂಯ್ ಎನ್ನುತ್ತಾರೆ, ಆಮೇಲೆ ಒಪ್ಪದವರು ಹಾಗೆಯೇ ಮಾಡುತ್ತಾರೆ. ಆ ಪದ್ಧತಿಯನ್ನು ವಿವರಿಸಿ 2014ರಲ್ಲಿ ಅವರೇ ಹೊರತಂದ ಒಂದು ದಸ್ತಾವೇಜಿನಲ್ಲಿ, ನೂರು ಜನ ಪರವಾಗಿದ್ದು ಐದು ಜನ ವಿರೋಧವಾಗಿದ್ದರೂ ಅದು ಸಹಮತ ಆಗದೆ ಇರಬಹುದು ಎಂಬ ಮಾತಿದೆ. ಆ ಐವರು ಎತ್ತಿದ ತಾಂತ್ರಿಕ ದೋಷಕ್ಕೆ ಉತ್ತರ ಸಿಕ್ಕಿದೆಯೇ ಎಂಬುದು ಅಲ್ಲಿ ಮುಖ್ಯ. ಎತ್ತಿದ ಆಕ್ಷೇಪವನ್ನೆಲ್ಲ ಒಪ್ಪಲೇಬೇಕೆಂದಿಲ್ಲ. ಆದರೆ ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. “ಚಿಕ್ಕಮ್ಮಾ, ಇನ್ನೂರು ಸಹಿಗಿಂತ ಉತ್ತರ ಕೊಡಲೇಬೇಕಾದ ಒಂದು ಪ್ರಶ್ನೆ ಕಳಿಸಿ” ಎಂದ.

ಬ್ಯೂರೋದ ಸಮಿತಿ ಐಇಟಿಎಫ್ ಅಲ್ಲ, ಅಲ್ಲಿ ಯಾರೂ ಗುಂಯ್ ಎನ್ನುವುದಿಲ್ಲ. ಆದರೆ ಸಹಮತ ಎಂಬುದರ ಅರ್ಥ ಅಲ್ಲಿಯೂ ಹತ್ತಿರದ್ದೇ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಗಳಾದ ಐಎಸ್‌ಒ ಮತ್ತು ಐಇಸಿ ಕೊಟ್ಟಿರುವ ವ್ಯಾಖ್ಯೆಯ ಪ್ರಕಾರ ಸಹಮತವೆಂದರೆ ಸಾಮಾನ್ಯ ಒಪ್ಪಿಗೆ. ಸಂಬಂಧಪಟ್ಟವರಲ್ಲಿ ಮುಖ್ಯವಾದ ಯಾವ ಪಂಗಡವೂ ಮುಖ್ಯವಾದ ಯಾವ ವಿಷಯದಲ್ಲೂ ಪಟ್ಟು ಹಿಡಿದ ವಿರೋಧ ಇಟ್ಟುಕೊಂಡಿರಬಾರದು. ಎಲ್ಲರೂ ಒಂದೇ ಮಾತು ಹೇಳಬೇಕೆಂದೇನೂ ಇಲ್ಲ. ಇದನ್ನು ಓದಿದಾಗ ನನಗೆ ಹೊಳೆದದ್ದು ಬೇರೆ. ವಿರೋಧವನ್ನು ಯಾರೂ ಹೇಳದಿದ್ದರೆ ಅದು ವಿರೋಧವಿಲ್ಲವೆಂದೇ ಲೆಕ್ಕವಾಗುತ್ತದೆ. ನಮ್ಮ ಮೌನವನ್ನು ಇಷ್ಟು ವರ್ಷ ಒಪ್ಪಿಗೆ ಎಂದು ಬರೆದುಕೊಂಡಿದ್ದರೆ ಅದರಲ್ಲಿ ಬರೆದುಕೊಂಡವರ ತಪ್ಪೇನೂ ಇರಲಿಲ್ಲ.

ಸಹಿಗಳನ್ನು ಬಿಟ್ಟು ಅಳತೆಗೆ ಇಳಿದೆವು. ನಮ್ಮದೂ ಸೇರಿ ಮೂರು ಘಟಕಗಳಿಂದ 60 ಕಲ್ಲು ಆರಿಸಿ, ಪ್ರತಿಯೊಂದನ್ನೂ ನಾಲ್ಕು ಮೂಲೆ ಮತ್ತು ನಡುವೆ ಅಳೆಯುವುದೆಂದು ನಿಶ್ಚಯಿಸಿದೆವು. ನಡುಭಾಗಕ್ಕೆ ವರ್ನಿಯರ್ (ದಪ್ಪ ಅಳೆಯುವ ಸಾಧನ) ಎಟಕುವುದಿಲ್ಲ ಎಂಬುದು ಅಳೆಯಲು ಕುಳಿತಾಗಲೇ ಗೊತ್ತಾದದ್ದು. ಪಾಲಿಶ್ ಆದ ಮುಖವನ್ನು ಕೆಳಗೆ ಮಾಡಿ ಸಪಾಟಾದ ಕಟ್ಟೆಯ ಮೇಲಿಟ್ಟು, ಮೇಲೆ ಅಡ್ಡಪಟ್ಟಿ ಹಾಕಿ, ಅಲ್ಲಿಂದ ಇಳಿಅಳತೆ ತೆಗೆದು ಕಳೆಯಬೇಕಾಯಿತು. ಆರು ದಿನ ಹಿಡಿಯಿತು, 300 ಅಳತೆಗಳು ಬಂದವು. 53 ಕಲ್ಲುಗಳಲ್ಲಿ ವ್ಯತ್ಯಾಸ ಎರಡು ಸೂತಿನ ಒಳಗೇ ಇತ್ತು.

ಅಳೆಯುವಾಗ ನಡೆದ ಒಂದು ಸಂಗತಿಯನ್ನು ಬಿಡಲಾರೆ. ನಮ್ಮಲ್ಲಿ ಕಲ್ಲು ತೊಳೆದು ದಪ್ಪದ ಪ್ರಕಾರ ರಾಶಿ ಹಾಕುವವರು ಹೆಂಗಸರು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಅಂಚನ್ನು ಹಿಡಿದು ನೋಡಿ ಮೂರು ರಾಶಿ ಮಾಡುತ್ತಾರೆ. ವರ್ನಿಯರ್ ಹಿಡಿದು ನಾನು ಬರೆದುಕೊಂಡ ಅಂಕಿಗಳನ್ನು ಅವರ ರಾಶಿಗಳಿಗೆ ಹೋಲಿಸಿದರೆ 60ರಲ್ಲಿ ನಾಲ್ಕು ಕಲ್ಲು ಮಾತ್ರ ಬೇರೆ ರಾಶಿಗೆ ಹೋಗಬೇಕಿತ್ತು. ಇಂಥ ಕಣ್ಣು, ಇಂಥ ಬೆರಳು ಇರುವವರನ್ನು ದಪ್ಪದ ಬಗ್ಗೆ ಯಾರೂ ಕೇಳಿದ್ದಿಲ್ಲ. ನಾನೂ ಅಲ್ಲಿಯವರೆಗೆ ಕೇಳಿರಲಿಲ್ಲ. ಮಾನಕಗಳ ರಚನೆಯಲ್ಲಿ ಹೆಂಗಸರ ಪಾಲು ಹೆಚ್ಚಬೇಕೆಂದು ವಿಶ್ವಸಂಸ್ಥೆಯ ಯುರೋಪಿನ ಆರ್ಥಿಕ ಆಯೋಗ 2019ರಲ್ಲಿ ಒಂದು ಘೋಷಣೆಯನ್ನೇ ಸಹಿಗೆ ತೆರೆದಿದೆ. ಆ ಘೋಷಣೆಯ ಅರ್ಥ ನನಗೆ ತಿಳಿದದ್ದು ನಮ್ಮ ತೊಳೆಯುವ ಕಟ್ಟೆಯ ಹತ್ತಿರ. ಅವರು ಹೇಗೆ ವಿಂಗಡಿಸುತ್ತಾರೆಂಬುದನ್ನು ಆಕ್ಷೇಪದ ಸಮರ್ಥನೆಯಲ್ಲಿ ಒಂದು ಪೂರ್ಣ ವಾಕ್ಯವಾಗಿ ಬರೆದೆ.

ದಪ್ಪ ಸಮವಿಲ್ಲದ ಕಲ್ಲು ಬಾಗುವ ಭಾರ ತಾಳುತ್ತದೆಯೇ ಎಂದು ಸಮಿತಿ ಕೇಳಬಹುದು ಎಂದುಕೊಂಡು ಹೈದರಾಬಾದಿನ ಒಂದು ಖಾಸಗಿ ಪ್ರಯೋಗಾಲಯಕ್ಕೆ ನಮೂನೆ ಒಯ್ದೆ. ಇಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಎದುರಾಯಿತು. ಅಡ್ಡಬಲದ, ಅಂದರೆ ಬಾಗುವ ಭಾರ ತಾಳುವ ಬಲದ, ಪರೀಕ್ಷೆಗೆ 50 ಮಿಲಿಮೀಟರ್ ದಪ್ಪದ ಕಲ್ಲಿನ ಕೋಲುಗಳನ್ನೇ ಕೊಡಬೇಕು, ತೆಳುವಾದ ಕಲ್ಲನ್ನು ತೆಗೆದುಕೊಳ್ಳುವುದಿಲ್ಲ ಎಂದರು. ನಾವು ಮಾರುವ ಫರ್ಸಿ ಸುಮಾರು 30 ಮಿಲಿಮೀಟರ್ ದಪ್ಪದ್ದು. ಅಂದರೆ ಮಾರುವ ಕಲ್ಲನ್ನು ಪರೀಕ್ಷಿಸಲು ಆಗುವುದಿಲ್ಲ, ಪರೀಕ್ಷಿಸಬಹುದಾದ ಕಲ್ಲನ್ನು ನಾವು ಮಾರುವುದಿಲ್ಲ. ನಮೂನೆಗಳನ್ನು ಹೊತ್ತುಕೊಂಡು ರಾತ್ರಿಯ ರೈಲಿಗೆ ವಾಪಸು ಬಂದೆ. ಆ ರಾತ್ರಿ ಇದೆಲ್ಲ ಬಿಟ್ಟುಬಿಡೋಣ ಎಂದು ನಿಜವಾಗಿ ಅನಿಸಿತ್ತು. ಕಾಕಾ ಮರುದಿನ ಖಣಿಯ ಕೆಳಪದರಿನಿಂದ ಎರಡು ಇಂಚಿಗೂ ಮೀರಿದ ಕಲ್ಲು ಎಬ್ಬಿಸಿ ಕೊಟ್ಟರು. ಅದನ್ನು ಕೋಲುಗಳಾಗಿ ಕೊಯ್ಯಿಸಿ ಮತ್ತೆ ಕಳಿಸಿದೆವು. ವರದಿ ಗಡುವಿಗೆ ನಾಲ್ಕು ದಿನ ಮುಂಚೆ ಕೈಗೆ ಬಂತು. ನೀವು ಯಾವ ವಸ್ತುವಿನ ಬಗ್ಗೆ ಬರೆಯುತ್ತಿದ್ದರೂ ನಮೂನೆ ಒಯ್ಯುವ ಮೊದಲು ಪರೀಕ್ಷಾ ವಿಧಾನದ ಮಾನಕವನ್ನು ಇಳಿಸಿಕೊಂಡು ನಮೂನೆಯ ಅಳತೆ ಎಷ್ಟು ಎಂದು ಓದಿಕೊಳ್ಳಿ. ನಾನು ಓದದೆ ಹೋಗಿ ಐದು ದಿನ ಕಳೆದುಕೊಂಡೆ.

ಇನ್ನು ಬರವಣಿಗೆ. ನನ್ನ ಮೊದಲ ಪ್ರಯತ್ನ ಮೂರು ಪುಟದ ಪತ್ರ: ನಮ್ಮ ಊರಿನ ಇತಿಹಾಸ, ಕೆಲಸಗಾರರ ಕಷ್ಟ, ವಾಪಸು ಬಂದ ಲಾರಿ. ಎಲ್ಲವೂ ನಿಜ, ಆದರೆ ಸಮಿತಿಗೆ ಬೇಕಾದ ರೂಪ ಅದಲ್ಲ. ಅಭಿಪ್ರಾಯಕ್ಕೆ ಒಂದು ಕೋಷ್ಟಕವಿದೆ. ಯಾವ ಕಲಂ, ಅಭಿಪ್ರಾಯ ತಾಂತ್ರಿಕವೋ ಭಾಷೆಗೆ ಸಂಬಂಧಿಸಿದ್ದೋ, ಆಕ್ಷೇಪವೇನು, ಅದರ ಬದಲು ಏನು ಇರಬೇಕು ಎಂಬ ಅಂಕಣಗಳಿವೆ. ಒಂದು ಸಾಲಿಗೆ ಒಂದೇ ಆಕ್ಷೇಪ. ಈ ಅಂಕಣಗಳಲ್ಲಿ ಕೊನೆಯದೇ ಜೀವಾಳ. “ಇದು ಸಣ್ಣ ಘಟಕಗಳಿಗೆ ಅನ್ಯಾಯ” ಎಂದು ಬರೆದರೆ ಓದಿದವರು ಮರುಗಬಹುದೇ ಹೊರತು ಕರಡಿನಲ್ಲಿ ಏನನ್ನೂ ಬದಲಾಯಿಸಲಾರರು. ನಿಮಗೆ ಬೇಕಾದ ವಾಕ್ಯವನ್ನು ನೀವೇ ಮಾನಕದ ಭಾಷೆಯಲ್ಲಿ ಬರೆದುಕೊಡಬೇಕು. ನಾನು ಮೂರು ಸಾಲು ಬರೆದೆ. ಕೊಯ್ದ ಕಲ್ಲು ಮತ್ತು ಸೀಳಿದ ಕಲ್ಲನ್ನು ಬೇರೆ ಬೇರೆ ಬಗೆಯೆಂದು ಗುರುತಿಸಬೇಕು ಎಂಬುದು ಮೊದಲನೆಯದು. ಸೀಳಿದ ಕಲ್ಲಿಗೆ ದಪ್ಪದ ಟಾಲರೆನ್ಸ್ 7 ಮಿಲಿಮೀಟರ್ (ಎರಡು ಸೂತಿಗಿಂತ ತುಸು ಹೆಚ್ಚು) ಇರಬೇಕು ಎಂಬುದು ಎರಡನೆಯದು. ತೆಳುವಾದ ಕಲ್ಲನ್ನು ಮಾರುವ ದಪ್ಪದಲ್ಲಿಯೇ ಪರೀಕ್ಷಿಸುವ ಅವಕಾಶ ಬೇಕು ಎಂಬುದು ಮೂರನೆಯದು. ಕಾಕಾ ಹೇಳಿದ ಬೆನ್ನು ನನ್ನ ಇಂಗ್ಲಿಷ್ ವಾಕ್ಯದಲ್ಲಿ “ಸಂಸ್ಕರಿಸದ ಕೆಳಮೈ” ಎಂಬರ್ಥದ ಮಾತಾಯಿತು. ಜೊತೆಗೆ 300 ಅಳತೆಗಳ ಪಟ್ಟಿ, ಪ್ರಯೋಗಾಲಯದ ವರದಿ, ಅಡ್ಡಪಟ್ಟಿ ಇಟ್ಟು ತೆಗೆದ ನಾಲ್ಕು ಫೋಟೊ ಲಗತ್ತಿಸಿದೆ. ಸಂಸ್ಥೆಯ ಹೆಸರು ಕೇಳುವಲ್ಲಿ ನಮ್ಮ ಉದ್ಯಮ ನೋಂದಣಿಯಲ್ಲಿರುವ ಹೆಸರನ್ನು ಕೊಟ್ಟೆ. ಗಡುವಿಗೆ ಎರಡು ದಿನ ಮುಂಚೆ ಎಲ್ಲವನ್ನೂ ಸಲ್ಲಿಸಿದೆ. ಸ್ವೀಕೃತಿಯ ಪುಟವನ್ನು ತಪ್ಪದೆ ಅಚ್ಚು ಹಾಕಿಸಿ ಇಟ್ಟುಕೊಳ್ಳಿ.

ಖರ್ಚಿನ ಲೆಕ್ಕ ಕೇಳುವವರಿಗಾಗಿ: ಪ್ರಯೋಗಾಲಯದ ಶುಲ್ಕ 9,400 ರೂಪಾಯಿ, ಕೋಲು ಕೊಯ್ಯಿಸಿದ್ದಕ್ಕೆ 1,800, ಎರಡನೆಯ ಸಲ ನಮೂನೆ ಸಾಗಿಸಿದ್ದಕ್ಕೆ 1,350, ನನ್ನ ಹೈದರಾಬಾದ್ ಪ್ರಯಾಣಕ್ಕೆ 1,250, ಝೆರಾಕ್ಸು ಸ್ಕ್ಯಾನಿಗೆ 640. ಒಟ್ಟು 14,440. ಇದನ್ನು ಮೂರು ಘಟಕದವರು ಹಂಚಿಕೊಂಡೆವು. ಆರು ದಿನ ಅಳತೆಗೆ ನಿಂತವರ ಕೂಲಿ ಇದರಲ್ಲಿ ಸೇರಿಲ್ಲ, ನನ್ನ ಮೂರು ವಾರವೂ ಸೇರಿಲ್ಲ. ಅಭಿಪ್ರಾಯ ಕೊಡಲು ಶುಲ್ಕವಿಲ್ಲ ಎಂಬುದು ಎಷ್ಟು ನಿಜವೋ, ಉತ್ತರ ಕೊಡಲೇಬೇಕಾದಂಥ ಅಭಿಪ್ರಾಯಕ್ಕೆ ಇಷ್ಟು ಬೆಲೆ ತೆರಬೇಕು ಎಂಬುದೂ ಅಷ್ಟೇ ನಿಜ. ದೊಡ್ಡ ಕಂಪನಿಯಲ್ಲಿ ಇದಕ್ಕೆಂದೇ ಸಂಬಳ ಕೊಟ್ಟು ಒಬ್ಬರನ್ನು ಇಟ್ಟಿರುತ್ತಾರೆ. ಇಬ್ಬರು ಮೂವರು ಕೆಲಸಗಾರರ ಘಟಕದವರು ಒಂದು ದಿನ ಮಶೀನು ನಿಲ್ಲಿಸಿದರೆ ಆ ದಿನದ ಕೂಲಿಯೇ ಹುಟ್ಟುವುದಿಲ್ಲ. ಅಂತಾರಾಷ್ಟ್ರೀಯ ಮಾನಕಗಳು ಹೇಗೆ ರೂಪುಗೊಳ್ಳಬೇಕೆಂದು ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ 2000ದಲ್ಲಿ ಆರು ತತ್ವಗಳನ್ನು ಹಾಕಿಕೊಟ್ಟಿತು. ಅಭಿವೃದ್ಧಿಶೀಲ ದೇಶಗಳು ಭಾಗವಹಿಸಲು ಎದುರಿಸುವ ತೊಡಕುಗಳನ್ನು ಗಮನದಲ್ಲಿಡಬೇಕೆಂಬುದು ಅವುಗಳಲ್ಲೊಂದು. ದೇಶ ದೇಶಗಳ ನಡುವೆ ಒಪ್ಪಿಕೊಂಡ ಈ ಮಾತು ಒಂದು ದೇಶದೊಳಗಿನ ದೊಡ್ಡ ಘಟಕ, ಸಣ್ಣ ಘಟಕಗಳಿಗೂ ಸಲ್ಲಬೇಕೆಂದು ನನ್ನ ದೃಢವಾದ ಅಭಿಪ್ರಾಯ. ಜಿಲ್ಲಾ ಕೈಗಾರಿಕಾ ಕೇಂದ್ರದಂಥ ಕಡೆ ಹೊಸ ಕರಡುಗಳ ಸಾರಾಂಶವನ್ನು ಕನ್ನಡದಲ್ಲಿ ಒಂದು ಪುಟ ಅಂಟಿಸಿದರೂ ಎಷ್ಟೋ ಆಗುತ್ತದೆ.

ಆಮೇಲೆ ಕಾಯುವುದು. 71 ದಿನ ಏನೂ ಸುದ್ದಿ ಇರಲಿಲ್ಲ. ಬಂದ ಅಭಿಪ್ರಾಯಗಳನ್ನೆಲ್ಲ ಒಟ್ಟು ಮಾಡಿ ಸಮಿತಿಯ ಸಭೆಗೆ ಇಡಬೇಕು, ಸಭೆ ಯಾವಾಗಲೋ ಒಮ್ಮೆ ಸೇರುತ್ತದೆ. ಆದ್ದರಿಂದ ಈ ಅವಧಿಯಲ್ಲಿ ಗಾಬರಿಯಾಗುವ ಅಗತ್ಯವಿಲ್ಲ ಎಂದು ಈಗ ಹೇಳಬಲ್ಲೆ. ಆಗ ಮಾತ್ರ ದಿನಕ್ಕೆ ನಾಲ್ಕು ಸಲ ಇ-ಮೇಲ್ ತೆಗೆದು ನೋಡುತ್ತಿದ್ದೆ. ಶರಣಬಸವೇಶ್ವರರ ಜಾತ್ರೆ ಬಂತು, ಹೋಯಿತು. ಬಿಸಿಲು ಏರಿತು. ಘಟಕದವರು ಕೇಳುವುದನ್ನು ಬಿಟ್ಟಿದ್ದರು. ಮೇ ತಿಂಗಳಲ್ಲಿ ಪತ್ರ ಬಂತು. ಸಮಿತಿಯ ಸಭೆಯಲ್ಲಿ ಈ ಕರಡು ಚರ್ಚೆಗೆ ಬರುತ್ತದೆ, ವಿಡಿಯೊ ಮೂಲಕ ಬಂದು ನಿಮ್ಮ ಅಭಿಪ್ರಾಯ ವಿವರಿಸಬಹುದು ಎಂದಿತ್ತು. ದಿಲ್ಲಿಗೆ ಹೋಗಬೇಕಾಗಿದ್ದರೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವುದಕ್ಕೆ ಒಂದು ದಿನಕ್ಕೂ ಹೆಚ್ಚು, ಬರುವುದಕ್ಕೆ ಅಷ್ಟೇ, ಅಲ್ಲಿ ಉಳಿಯುವುದು ಬೇರೆ, ನಾನು ಹೋಗುತ್ತಿರಲಿಲ್ಲ.

ಶಹಾಬಾದಿನಲ್ಲಿ ಮಧ್ಯಾಹ್ನ ಕರೆಂಟು ನಂಬುವಂತಿರಲಿಲ್ಲವಾದ್ದರಿಂದ ಇನ್ವರ್ಟರ್ ಇರುವ ಕಲಬುರಗಿಯ ಚಿಕ್ಕಪ್ಪನ ಮನೆಗೆ ಬೆಳಿಗ್ಗೆಯೇ ಹೋಗಿ ಕುಳಿತೆ. ಎಣಿಸಿದಂತೆಯೇ ನಮ್ಮ ವಿಷಯ ಬರುವ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಲ್ಲಿಸಿ ಇನ್ವರ್ಟರನ್ನು ವೈಫೈಗೆ ಉಳಿಸಿಕೊಂಡೆವು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನಾನು ಹಿಂದಿಯಲ್ಲಿ ಹೇಳಬಹುದೇ ಎಂದು ಕೇಳಿದೆ, ಅಧ್ಯಕ್ಷರು ಕೂಡಲೇ ಒಪ್ಪಿದರು. ಕಲಬುರಗಿಯವರಿಗೆ ದಖನಿ ಉರ್ದುವಿನ ಒಡನಾಟದಿಂದ ಹಿಂದಿ ಕಷ್ಟವಲ್ಲ. ಚಾಮರಾಜನಗರದವರು ಯಾರಾದರೂ ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಹತ್ತು ನಿಮಿಷ ಮಾತಾಡಿದೆ. ಒಂದು ಸಣ್ಣ ಫರ್ಸಿ ತುಂಡನ್ನು ಕ್ಯಾಮರಾದ ಮುಂದೆ ಹಿಡಿದು ಎದೆ ಯಾವುದು, ಬೆನ್ನು ಯಾವುದು ಎಂದು ತೋರಿಸಿದೆ. ಪ್ರಾಧ್ಯಾಪಕರೊಬ್ಬರು 60 ಕಲ್ಲುಗಳನ್ನು ಹೇಗೆ ಆರಿಸಿದಿರಿ ಎಂದು ಕೇಳಿದರು. ರಾಶಿಯಲ್ಲಿ ಪ್ರತಿ ಹತ್ತನೆಯದನ್ನು ತೆಗೆದೆವು ಎಂದಾಗ ಅವರಿಗೆ ಸಮಾಧಾನವಾಯಿತು. ಕಟ್ಟಡ ಕಟ್ಟುವವರ ಕಡೆಯ ಸದಸ್ಯರೊಬ್ಬರು ವಿರೋಧಿಸಿದರು. ಬೆನ್ನು ಏರುಪೇರಾದಷ್ಟೂ ಕೆಳಗಿನ ಗಾರೆ ದಪ್ಪ ಹಾಕಬೇಕು, ಹಾಕುವವರಿಗೆ ಹೊತ್ತು ಹೆಚ್ಚು ಹಿಡಿಯುತ್ತದೆ, ಆ ಖರ್ಚು ಮನೆ ಕಟ್ಟಿಸುವವರ ಮೇಲೆ ಬೀಳುತ್ತದೆ ಎಂದರು. ಅದು ಸುಳ್ಳಲ್ಲ. ನಾನೂ ಒಪ್ಪಿಕೊಂಡೆ. ಒಪ್ಪಿಕೊಂಡದ್ದರಿಂದಲೇ ಮಾತು ಮುಂದೆ ಹೋಯಿತು ಎಂದು ನನಗೆ ಈಗ ಅನಿಸುತ್ತದೆ. ಹಾಗಾದರೆ ಕಲ್ಲು ಎಲ್ಲಿಯೂ ಇದಕ್ಕಿಂತ ತೆಳುವಿರುವುದಿಲ್ಲ ಎಂಬ ಕನಿಷ್ಠ ದಪ್ಪವನ್ನು ಮಾರುವವರು ಬರೆದುಕೊಡಲಿ, ಆಗ ಹಾಕುವವರಿಗೆ ಲೆಕ್ಕ ಸಿಗುತ್ತದೆ ಎಂದು ಇನ್ನೊಬ್ಬರು ಸೂಚಿಸಿದರು. ಮತ ಹಾಕಿಸಲಿಲ್ಲ. ಐಎಸ್‌ಒ ಮಟ್ಟದಲ್ಲಿ ಅಂತಾರಾಷ್ಟ್ರೀಯ ಕರಡಿಗೆ ದೇಶಗಳು ಮತ ಹಾಕುತ್ತವೆ. ಪಾಲ್ಗೊಳ್ಳುವ ಸದಸ್ಯ ದೇಶಗಳಲ್ಲಿ ಮೂರನೆಯ ಎರಡು ಭಾಗ ಒಪ್ಪಬೇಕು, ಒಟ್ಟು ಮತಗಳಲ್ಲಿ ವಿರೋಧ ಕಾಲುಭಾಗ ಮೀರಬಾರದು. ಇಲ್ಲಿ ಅಧ್ಯಕ್ಷರು ಒಬ್ಬೊಬ್ಬರ ಕಡೆಯಿಂದ ಇನ್ನೂ ಆಕ್ಷೇಪವಿದೆಯೇ ಎಂದು ಕೇಳುತ್ತ ಬಂದರು. ವಿರೋಧಿಸಿದ್ದ ಸದಸ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕನಿಷ್ಠ ದಪ್ಪ ಬರೆದುಕೊಟ್ಟರೆ ತಮ್ಮ ವಿರೋಧವಿಲ್ಲ ಎಂದರು.

ಸಭೆಯ ನಡಾವಳಿ ಕೈಗೆ ಬಂದದ್ದು ಶ್ರಾವಣದಲ್ಲಿ. ಮೊದಲ ಆಕ್ಷೇಪ ಅಂಗೀಕಾರ: ಸೀಳಿದ ಕಲ್ಲು ಬೇರೆ ಬಗೆ. ಎರಡನೆಯದು ಭಾಗಶಃ ಅಂಗೀಕಾರ: ಟಾಲರೆನ್ಸ್ ಹೆಚ್ಚಿಸಿದ್ದಾರೆ, ಆದರೆ ನಾವು ಕೇಳಿದ 7 ಮಿಲಿಮೀಟರ್ ಕೊಟ್ಟಿಲ್ಲ, ಕನಿಷ್ಠ ದಪ್ಪದ ಷರತ್ತು ಸೇರಿದೆ. ಮೂರನೆಯದು ತಿರಸ್ಕಾರ, ಏಕೆಂದರೆ ಪರೀಕ್ಷಾ ವಿಧಾನ ಬೇರೆ ಮಾನಕಕ್ಕೆ ಸೇರಿದ್ದು, ಅದಕ್ಕೆ ಪ್ರತ್ಯೇಕ ಪ್ರಸ್ತಾವ ಕೊಡಬೇಕು. ಪ್ರತಿ ಸಾಲಿನ ಮುಂದೆಯೂ ಕಾರಣ ಬರೆದಿದ್ದರು. ಕಾರಣ ಓದಿದ ಮೇಲೆ ತಿರಸ್ಕಾರವಾದ ಸಾಲಿನ ಬಗ್ಗೆಯೂ ನನಗೆ ಕಹಿ ಉಳಿಯಲಿಲ್ಲ. ಭಾರತೀಯ ಮಾನಕಗಳನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಮರುಪರಿಶೀಲಿಸುವ ಪದ್ಧತಿಯಿದೆ. ಈ ಸಲ ಗಡುವು ತಪ್ಪಿಸಿಕೊಂಡವರಿಗೂ ಇನ್ನೊಂದು ಸರದಿ ಬರುತ್ತದೆ.

ನಡಾವಳಿಯನ್ನು ಖಣಿಗೆ ಒಯ್ದು ಕಾಕಾನಿಗೆ ಓದಿದೆ.

“ಬೆನ್ನು ಅಂತ ಬರದಾರೇನು?” ಎಂದು ಕೇಳಿದರು.

“ಕೆಳಮೈ ಅಂತ ಬರದಾರ ಕಾಕಾ. ಅದು ಹಂಗೇ ಇರಬಹುದು ಅಂತನೂ ಬರದಾರ.”

“ಸೂತಿನಾಗ ಎಷ್ಟ ಬಿಟ್ಟಾರ?”

ಲೆಕ್ಕ ಹಾಕಿ ಹೇಳಿದೆ. ಅವರು ಪಕ್ಕದಲ್ಲಿ ಒರಗಿಸಿಟ್ಟಿದ್ದ ಒಂದು ಫರ್ಸಿಯ ಅಂಚಿಗೆ ಬೆರಳು ಹಚ್ಚಿ ನಾಲ್ಕೂ ಮೂಲೆ ಮುಟ್ಟಿ ನೋಡಿ, ಇದು ಪಾಸು ಆಗ್ತದ ಎಂದರು. ಪರೀಕ್ಷಾ ವಿಧಾನದ ಪ್ರಸ್ತಾವಕ್ಕೆ 25, 30, 35 ಮಿಲಿಮೀಟರಿನ ಕೋಲುಗಳು ಹತ್ತು ಹತ್ತು ಬೇಕು ಎಂದೆ. ಸೋಮವಾರ ಕೆಳಪದರು ಬಿಚ್ಚುವಾಗ ತೆಗೆದಿಡುತ್ತೇನೆಂದು ಹೇಳಿದ್ದಾರೆ.